ಕಾಲೇಜು ಫುಟ್‌ಬಾಲ್ ತಂಡದ ಸಹಾಯಕ ಕೋಚ್‌ಗೆ ಮುಂದಿನ ದಾರಿ: ಕಾಸರಗೋಡಿನವರಿಗೊಂದು ಕೈಪಿಡಿ

ಕಾಸರಗೋಡು, ಮಂಜೇಶ್ವರ ಭಾಗದ ಕಾಲೇಜುಗಳಲ್ಲಿ ಫುಟ್‌ಬಾಲ್ ತಂಡದ ಸಹಾಯಕ ಕೋಚ್ ಎಂದರೆ ಹೆಚ್ಚಾಗಿ ಅದೇ ಕಾಲೇಜಿಗೆ ಆಡಿದ ಹಳೆ ವಿದ್ಯಾರ್ಥಿ. ಕಾಗದದ ಮೇಲೆ ದೈಹಿಕ ಶಿಕ್ಷಣ ವಿಭಾಗದ ಅಧ್ಯಾಪಕರೇ ಕೋಚ್. ಬೆಳಿಗ್ಗೆ ಆರೂವರೆಗೆ ಕೋನ್ ಇಡುವುದು, ಚೆಂಡಿಗೆ ಗಾಳಿ ಹಾಕುವುದು, ಗೋಲಿಯನ್ನು (ಗೋಲ್‌ಕೀಪರನ್ನು) ಪಳಗಿಸುವುದು, ಪಂದ್ಯಕ್ಕೆ ಹೋಗುವಾಗ ಬಸ್ಸಿನಲ್ಲಿ ತಲೆ ಎಣಿಸುವುದು ಸಹಾಯಕನ ಪಾಲು. ಆಟ ಗೊತ್ತುಂಟು, ಹುಡುಗರು ಮಾತು ಕೇಳುತ್ತಾರೆ, ಊರಿನವರೂ ಮೆಚ್ಚುತ್ತಾರೆ. ಆದರೂ ಐದು ವರ್ಷ ಕಳೆದಾಗ ಅದೇ ಕೋನ್, ಅದೇ ಗೌರವಧನ. ಇದಕ್ಕೆ ಕಾರಣ ಪ್ರತಿಭೆಯ ಕೊರತೆಯಲ್ಲ. ಐದು ವರ್ಷ ಮಾಡಿದ ಕೆಲಸ ಎಲ್ಲೂ ದಾಖಲಾಗಿರುವುದಿಲ್ಲ, ಕೈಯಲ್ಲಿರುವ ಸರ್ಟಿಫಿಕೇಟು ಯಾವ ಹುದ್ದೆಗೂ ಸರಿಹೊಂದುವುದಿಲ್ಲ. ಈ ಎರಡನ್ನೂ ಮೊದಲ ವರ್ಷದಿಂದಲೇ ಸರಿಪಡಿಸಿಕೊಳ್ಳಬಹುದು.

ಈ ನೆಲದಲ್ಲಿ ಆಟಕ್ಕೆ ಕೊರತೆಯಿಲ್ಲ. ತೃಕ್ಕರಿಪುರದ ಎಂ. ಸುರೇಶ್, ಮೊಹಮ್ಮದ್ ರಫಿ ಭಾರತ ತಂಡಕ್ಕೆ ಆಡಿದವರು. ಕೋಚ್ ಆಗುವವರಿಗೆ ಇಂಥ ಕಣ್ಣೆದುರಿನ ಮಾದರಿ ಕಡಿಮೆ. ಸಹಾಯಕನ ಕುರ್ಚಿಯಿಂದ ಮೇಲೆ ಹೋಗಬಹುದು ಎನ್ನುವುದಕ್ಕೆ ರಾಜ್ಯದೊಳಗೇ ಒಂದು ಉದಾಹರಣೆ ಟಿ.ಜಿ. ಪುರುಷೋತ್ತಮನ್. 2022ರ ಮೇ 2ರಂದು ಮಂಜೇರಿಯಲ್ಲಿ ಪಶ್ಚಿಮ ಬಂಗಾಳವನ್ನು ಪೆನಾಲ್ಟಿಯಲ್ಲಿ ಸೋಲಿಸಿ ಕೇರಳ ಸಂತೋಷ್ ಟ್ರೋಫಿ ಗೆದ್ದಾಗ ಬಿನೋ ಜಾರ್ಜ್ ಮುಖ್ಯ ಕೋಚ್, ಪುರುಷೋತ್ತಮನ್ ಸಹಾಯಕ. ಮುಂದೆ ಕೇರಳ ಬ್ಲಾಸ್ಟರ್ಸ್‌ನಲ್ಲಿಯೂ ಸಹಾಯಕರಾದರು. 2024ರ ಡಿಸೆಂಬರಿನಲ್ಲಿ ಕ್ಲಬ್ಬು ಮುಖ್ಯ ಕೋಚನ್ನು ಕೈಬಿಟ್ಟಾಗ ತಂಡದ ಮಧ್ಯಂತರ ಹೊಣೆ ಅವರ ಹೆಗಲಿಗೆ ಬಂತು. ಆ ಗಳಿಗೆಯಲ್ಲಿ ಅರ್ಹತೆಯ ಕಾಗದ ಕೈಯಲ್ಲಿ ಇಲ್ಲದವರಿಗೆ ಇಂಥ ಹೊಣೆ ಬರುವುದಿಲ್ಲ.

ಏಣಿ ಎರಡು

ಕೋಚಿಂಗ್‌ನಲ್ಲಿ ಏಣಿ ಒಂದಲ್ಲ, ಎರಡು. ಒಂದು ಲೈಸೆನ್ಸಿನದು, ಇನ್ನೊಂದು ಪದವಿಯದು. ಕ್ಲಬ್ಬು, ಅಕಾಡೆಮಿಗಳು ಲೈಸೆನ್ಸ್ ಕೇಳುತ್ತವೆ. ಕಾಲೇಜು, ವಿಶ್ವವಿದ್ಯಾಲಯಗಳ ಕಾಯಂ ಹುದ್ದೆಗೆ ಪದವಿ ಬೇಕು. ಕೋಚಿಂಗ್‌ನ ಬಿ ಲೈಸೆನ್ಸ್ ಪಡೆದು ಎಂ.ಪಿ.ಇಡಿ. (ದೈಹಿಕ ಶಿಕ್ಷಣದ ಸ್ನಾತಕೋತ್ತರ ಪದವಿ) ಮಾಡದವರು ಕಾಲೇಜಿನ ದೈಹಿಕ ಶಿಕ್ಷಣ ಹುದ್ದೆಗೆ ಅರ್ಜಿಯನ್ನೇ ಹಾಕುವಂತಿಲ್ಲ. ಎಂ.ಪಿ.ಇಡಿ., ನೆಟ್ (ಕಾಲೇಜು ಅಧ್ಯಾಪಕರ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಎರಡೂ ಇದ್ದು ಲೈಸೆನ್ಸ್ ಇಲ್ಲದವರಿಗೆ ಒಳ್ಳೆಯ ಕ್ಲಬ್ಬಿನ ಬೆಂಚಿನಲ್ಲಿ ಜಾಗವಿಲ್ಲ. ಎಷ್ಟೋ ಮಂದಿ ಒಂದು ಏಣಿಯ ನಡುವಿನಲ್ಲಿ ನಿಂತು ಇನ್ನೊಂದರ ತುದಿ ನೋಡುತ್ತಾ ವಯಸ್ಸು ಕಳೆಯುತ್ತಾರೆ. 27–28 ವರ್ಷದವರೆಗೆ ಎರಡರ ಕೆಳಗಿನ ಮೆಟ್ಟಿಲುಗಳನ್ನೂ ಒಟ್ಟೊಟ್ಟಿಗೆ ಹತ್ತುವುದು, ಆಮೇಲೆ ಒಂದನ್ನು ಆರಿಸಿಕೊಳ್ಳುವುದು ಸರಿಯಾದ ಕ್ರಮ.

ಇವೆರಡರ ಜೊತೆಗೆ ಎನ್.ಐ.ಎಸ್. ಡಿಪ್ಲೊಮಾ ಒಂದುಂಟು. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ 1961ರಿಂದ ಇದೆ. ಅದರ ತರಬೇತಿ ಡಿಪ್ಲೊಮಾ ಒಂದು ವರ್ಷದ್ದು. ಸರ್ಕಾರಿ ಕ್ರೀಡಾ ಹಾಸ್ಟೆಲು, ಕ್ರೀಡಾ ಮಂಡಳಿಗಳ ಕೋಚ್ ಹುದ್ದೆಗೆ ಅದರ ತೂಕವೇ ಬೇರೆ. ಅದೇ ಸಂಸ್ಥೆಯ ಆರು ವಾರದ ಸರ್ಟಿಫಿಕೇಟ್ ಕೋರ್ಸಿಗೆ ಆ ತೂಕವಿಲ್ಲ. ಎರಡೂ ಒಂದೇ ಎಂದುಕೊಂಡು ಅರ್ಜಿ ಹಾಕಿ ತಿರಸ್ಕೃತರಾದವರು ಬೇಕಷ್ಟು ಇದ್ದಾರೆ. ಪ್ರಕಟಣೆಯಲ್ಲಿ ‘ಡಿಪ್ಲೊಮಾ’ ಎಂದಿದ್ದರೆ ಒಂದು ವರ್ಷದ್ದೇ ಬೇಕು.

ಲೈಸೆನ್ಸ್

ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಕೆಳಹಂತದ ಕೋರ್ಸುಗಳ ನಂತರ ನಿಜವಾದ ಮೊದಲ ಮೆಟ್ಟಿಲು ಡಿ ಲೈಸೆನ್ಸ್. ಅದು ರಾಷ್ಟ್ರಮಟ್ಟದ್ದು. ಅದರ ಮೇಲೆ ಸಿ, ಬಿ, ಎ, ಕೊನೆಗೆ ಪ್ರೊ. ಈ ನಾಲ್ಕೂ ಏಷ್ಯಾದ ಫುಟ್‌ಬಾಲ್ ಒಕ್ಕೂಟದ ಡಿಪ್ಲೊಮಾಗಳು. ನಡುವಿನ ಮೆಟ್ಟಿಲು ಹಾರುವಂತಿಲ್ಲ. ಗೋಲಿಗಳ ತರಬೇತಿಗೆ ಬೇರೆ ಲೈಸೆನ್ಸ್ ಉಂಟು. ಗೋಲಿಯಾಗಿ ಆಡಿದವರು ಅದರ ಕಡೆ ಗಮನ ಕೊಡಬೇಕು, ಅಲ್ಲಿ ಪೈಪೋಟಿ ಕಡಿಮೆ.

ಡಿ ಕೋರ್ಸು ಕೆಲವೇ ದಿನಗಳದ್ದು, ಆದರೆ ಬೆಳಗಿನಿಂದ ಸಂಜೆವರೆಗೆ. ಅರ್ಧ ಹೊತ್ತು ತರಗತಿ, ಅರ್ಧ ಹೊತ್ತು ಮೈದಾನ. ಮೈದಾನದಲ್ಲಿ ಒಬ್ಬ ಅಭ್ಯರ್ಥಿ ಕೋಚ್ ಆದಾಗ ಉಳಿದವರೇ ಅವನಿಗೆ ಆಟಗಾರರು. ಹಾಗಾಗಿ ಹಿಂದಿನ ವಾರ ಸೆವೆನ್ಸ್ (ಏಳೇಳು ಮಂದಿಯ ಫುಟ್‌ಬಾಲ್) ಆಡಿ ಕಾಲು ಉಳುಕಿಸಿಕೊಂಡು ಹೋಗಬಾರದು. ಪ್ರಾಯೋಗಿಕ ಪರೀಕ್ಷೆಯಲ್ಲಿ ಒಂದು ವಿಷಯ ಕೊಡುತ್ತಾರೆ. ಚೆಂಡನ್ನು ಅರ್ಧ ತಿರುಗಿ ಪಡೆಯುವುದು, ಇಬ್ಬರು ಸೇರಿ ಒಬ್ಬನನ್ನು ದಾಟುವುದು, ಹೀಗೆ. ಇಲ್ಲಿ ಹೆಚ್ಚಿನವರು ಸೋಲುವುದು ಆಟ ತಿಳಿಯದೆ ಅಲ್ಲ. ಕೊಟ್ಟ ವಿಷಯ ಬಿಟ್ಟು ಕಂಡ ತಪ್ಪನ್ನೆಲ್ಲ ತಿದ್ದಲು ಹೋಗುತ್ತಾರೆ. ವಿಷಯ ‘ಅರ್ಧ ತಿರುಗಿ ಪಡೆಯುವುದು’ ಆಗಿದ್ದರೆ ಗೋಲಿಯ ಕೆಟ್ಟ ಕಿಕ್ ನಿಮಗೆ ಕಾಣಲೇ ಬಾರದು. ಎರಡನೇ ತಪ್ಪು ಮಾತಿನದು: ಆಟ ನಿಲ್ಲಿಸಿ ಎರಡು ನಿಮಿಷ ಭಾಷಣ. ನಿಲ್ಲಿಸಿ, ತೋರಿಸಿ, ಒಮ್ಮೆ ಮಾಡಿಸಿ, ಆಟ ಬಿಡಿ. ಎಲ್ಲ ಸೇರಿ 30 ಸೆಕೆಂಡು. ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಇದನ್ನು ಅಭ್ಯಾಸ ಮಾಡಿದರೆ ವ್ಯತ್ಯಾಸ ನಿಮಗೇ ತಿಳಿಯುತ್ತದೆ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಒಂದು ಮಾತು. ಕೋರ್ಸಿನ ಪಾಠ ಇಂಗ್ಲಿಷಿನಲ್ಲಿ, ಕೇರಳದಲ್ಲಾದರೆ ವಿವರಣೆ ಮಲಯಾಳದಲ್ಲಿಯೂ ಬರುತ್ತದೆ. ಪ್ರೆಸಿಂಗ್, ಕವರ್, ಬ್ಯಾಲೆನ್ಸ್, ಟ್ರಾನ್ಸಿಷನ್, ಓವರ್‌ಲೋಡ್ ಮುಂತಾದ ನಲವತ್ತು ಐವತ್ತು ಶಬ್ದಗಳನ್ನು ಅರ್ಥಸಹಿತ ಪುಸ್ತಕದಲ್ಲಿ ಬರೆದುಕೊಂಡು ಹೋದರೆ ಮೊದಲ ದಿನವೇ ಹಿಂದೆ ಬೀಳುವುದಿಲ್ಲ. ಕೇರಳ ಮತ್ತು ಕರ್ನಾಟಕ ಎರಡೂ ರಾಜ್ಯ ಸಂಸ್ಥೆಗಳ ಪ್ರಕಟಣೆ ಗಮನಿಸುತ್ತಿರಿ. ಗಡಿಯಲ್ಲಿರುವವರಿಗೆ ಇದೊಂದು ಲಾಭ, ಅದನ್ನು ಬಳಸಿಕೊಳ್ಳುವವರು ಕಡಿಮೆ.

ಡಿ ಆದ ಕೂಡಲೇ ಸಿ ಬೇಕೆಂದು ಅವಸರ ಮಾಡಬೇಡಿ. ಮೇಲಿನ ಕೋರ್ಸುಗಳು ಭಾಗಭಾಗವಾಗಿ ನಡೆಯುತ್ತವೆ. ನಡುವಿನ ತಿಂಗಳುಗಳಲ್ಲಿ ನಿಮ್ಮ ತಂಡದ ಜೊತೆ ಮಾಡಿದ ಅಭ್ಯಾಸದ ಯೋಜನೆ, ಪಂದ್ಯದ ವಿಶ್ಲೇಷಣೆ ಒಪ್ಪಿಸಬೇಕಾಗುತ್ತದೆ. ಕೈಯಲ್ಲಿ ತಂಡವಿಲ್ಲದವನಿಗೆ ಬರೆಯಲು ಏನೂ ಇರುವುದಿಲ್ಲ. ಕಾಲೇಜು ತಂಡದ ಜೊತೆ ಒಂದು ಪೂರ್ತಿ ಋತು ಕಳೆದ ಮೇಲೆ ಹೋದರೆ ಆ ಕೋರ್ಸಿನಿಂದ ನಿಜವಾಗಿ ಕಲಿಯುತ್ತೀರಿ. ಲೈಸೆನ್ಸ್ ಪಡೆದ ಮೇಲೆ ಅದರ ಅವಧಿ ಮುಗಿಯುವ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ನವೀಕರಣಕ್ಕೆ ಬೇಕಾದ ಕಾರ್ಯಾಗಾರಗಳನ್ನು ಕೊನೆಯ ತಿಂಗಳಿಗೆ ಉಳಿಸಬೇಡಿ.

ಪದವಿ, ನೆಟ್ ಮತ್ತು ಹನ್ನೆರಡು ನಿಮಿಷದ ಓಟ

ಕಾಯಂ ಕೆಲಸ ಬೇಕೆನ್ನುವವರಿಗೆ ಇದೇ ಮುಖ್ಯ ಅಧ್ಯಾಯ. ಪದವಿಯ ಮೇಲೆ ದೈಹಿಕ ಶಿಕ್ಷಣದ ಬಿ.ಪಿ.ಇಡಿ. ಎರಡು ವರ್ಷ, ಎಂ.ಪಿ.ಇಡಿ. ಎರಡು ವರ್ಷ. ಕಾಸರಗೋಡಿನಿಂದ ದಕ್ಷಿಣಕ್ಕೆ ಹೋದರೆ ಕಣ್ಣೂರು ವಿಶ್ವವಿದ್ಯಾಲಯದ ಮಾಂಙಾಟ್ಟುಪರಂಬ ಕ್ಯಾಂಪಸ್, ಉತ್ತರಕ್ಕೆ ಹೋದರೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯ. ದೂರ ಹೋಗಲು ಸಾಧ್ಯವಿರುವವರಿಗೆ ತಿರುವನಂತಪುರದ ಕಾರ್ಯವಟ್ಟಂನಲ್ಲಿ ಲಕ್ಷ್ಮೀಬಾಯಿ ಕಾಲೇಜು. ಕೊಣಾಜೆ ಹತ್ತಿರ, ಮಾತೂ ನಮ್ಮದು, ಹೆಚ್ಚಿನವರ ಮನಸ್ಸು ಆ ಕಡೆ ವಾಲುವುದು ಸಹಜ. ಆದರೆ ಮುಂದೆ ಕೇರಳ ಸರ್ಕಾರದ ಹುದ್ದೆಗೆ ಅರ್ಜಿ ಹಾಕುವಾಗ ಹೊರರಾಜ್ಯದ ಪದವಿಗೆ ಇಲ್ಲಿನ ವಿಶ್ವವಿದ್ಯಾಲಯದಿಂದ ಮಾನ್ಯತೆಯ ಅಥವಾ ತತ್ಸಮಾನತೆಯ ಪ್ರಮಾಣಪತ್ರ ಕೇಳುತ್ತಾರೆ. ಇದು ಒಂದು ವಾರದಲ್ಲಿ ಆಗುವ ಕೆಲಸವಲ್ಲ. ಫಲಿತಾಂಶ ಬಂದ ತಿಂಗಳಲ್ಲೇ ಪಠ್ಯಕ್ರಮದ ಪ್ರತಿ, ಅಂಕಪಟ್ಟಿ ಸೇರಿಸಿ ಅರ್ಜಿ ಹಾಕಿಬಿಡಿ. ಅಧಿಸೂಚನೆ ಬಂದ ಮೇಲೆ ಓಡಾಡಿದರೆ ಕೊನೆಯ ದಿನ ದಾಟಿಹೋಗುತ್ತದೆ.

ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕ ಹುದ್ದೆಗೆ ಯುಜಿಸಿಯ 2018ರ ನಿಯಮ ಕೇಳುವುದು ನಾಲ್ಕು ಸಂಗತಿ: ದೈಹಿಕ ಶಿಕ್ಷಣದಲ್ಲಿ ಶೇ. 55 ಅಂಕಗಳ ಸ್ನಾತಕೋತ್ತರ ಪದವಿ, ನೆಟ್ ಅಥವಾ ನಿಯಮಕ್ಕೊಪ್ಪುವ ಪಿಎಚ್.ಡಿ., ಅಂತರ ಕಾಲೇಜು ಇಲ್ಲವೇ ಅಂತರ ವಿಶ್ವವಿದ್ಯಾಲಯ ಮಟ್ಟದಲ್ಲಿ ಅಥವಾ ರಾಜ್ಯ, ರಾಷ್ಟ್ರೀಯ ಚಾಂಪಿಯನ್‌ಶಿಪ್‌ನಲ್ಲಿ ಆಡಿದ ದಾಖಲೆ, ಮತ್ತು ದೈಹಿಕ ಸಾಮರ್ಥ್ಯದ ಪರೀಕ್ಷೆ. ಮೂರನೆಯದು ಸುಲಭವೆಂದು ಕಂಡರೂ ಹೆಚ್ಚಿನವರು ಎಡವುವುದು ಅಲ್ಲಿಯೇ. ತಂಡದಲ್ಲಿ ಆಡಿರುತ್ತಾರೆ, ಫೋಟೊ ಇರುತ್ತದೆ, ಸರ್ಟಿಫಿಕೇಟು ಇರುವುದಿಲ್ಲ. ಅಂದು ‘ನಾಳೆ ತೆಗೆದುಕೊಂಡರಾಯಿತು’ ಎಂದು ಬಿಟ್ಟ ಕಾಗದಕ್ಕಾಗಿ ಎಂಟು ವರ್ಷದ ಮೇಲೆ ಕಚೇರಿಯ ಕಪಾಟು ಹುಡುಕಿಸಬೇಕಾಗುತ್ತದೆ. ಈಗಲೇ ಹೋಗಿ ತೆಗೆದುಕೊಳ್ಳಿ. ನಿಮ್ಮ ಕೈಕೆಳಗಿನ ಹುಡುಗರಿಗೂ ಹೇಳಿ.

ಸಾಮರ್ಥ್ಯ ಪರೀಕ್ಷೆಯಲ್ಲಿ ಗಂಡಸರಿಗೆ 12 ನಿಮಿಷ ಓಟ ಅಥವಾ ನಡಿಗೆ: 30 ವರ್ಷದವರೆಗೆ 1800 ಮೀಟರ್, 40ರವರೆಗೆ 1500, 45ರವರೆಗೆ 1200, 50ರವರೆಗೆ 800. ಹೆಂಗಸರಿಗೆ 8 ನಿಮಿಷದಲ್ಲಿ ಕ್ರಮವಾಗಿ 1000, 800, 600, 400 ಮೀಟರ್. ನೂರು ಮೀಟರ್ ಉದ್ದ, ಅರವತ್ತು ಅಗಲದ ಮೈದಾನದ ಅಂಚಿನಲ್ಲಿ ಒಂದು ಸುತ್ತು 320 ಮೀಟರ್. 1800 ಎಂದರೆ ಐದು ಸುತ್ತು, ಮೇಲೆ ಇನ್ನೂರು ಮೀಟರ್. ಹುಡುಗರ ಜೊತೆ ದಿನಾ ಓಡುವವರಿಗೆ ಇದು ಲೆಕ್ಕಕ್ಕಿಲ್ಲ. ಸೀಟಿ ಊದುತ್ತ ನಿಂತೇ ಇರುವವರಿಗೆ ಮೂವತ್ತರ ನಂತರ ಮಂಡಿ ನೆನಪಿಸುತ್ತದೆ.

ನೆಟ್‌ನಲ್ಲಿ ದೈಹಿಕ ಶಿಕ್ಷಣದ ವಿಷಯಸಂಖ್ಯೆ 47. ಮೊದಲ ಪತ್ರಿಕೆ 50 ಪ್ರಶ್ನೆ, ಎರಡನೆಯದು 100. ಒಟ್ಟು ಮೂರು ಗಂಟೆ, ಪ್ರತಿ ಪ್ರಶ್ನೆಗೆ ಎರಡು ಅಂಕ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಆದ್ದರಿಂದ ಒಂದನ್ನೂ ಖಾಲಿ ಬಿಡಬಾರದು. ಕ್ರೀಡಾಪಟುಗಳು ಸಾಮಾನ್ಯವಾಗಿ ಕಳೆದುಕೊಳ್ಳುವುದು ಮೊದಲ ಪತ್ರಿಕೆಯಲ್ಲಿ. ಬೋಧನೆ, ಸಂಶೋಧನೆ, ತರ್ಕ, ಅಂಕಿಅಂಶ ಓದುವ ಅಭ್ಯಾಸ ಅವರಿಗೆ ತಪ್ಪಿರುತ್ತದೆ. ಮಳೆಗಾಲದ ಸಂಜೆಗಳನ್ನು ಅದಕ್ಕೆಂದೇ ಇಡಿ.

ಕೇರಳ ಪಿ.ಎಸ್.ಸಿ.ಯ ‘ತುಳಸಿ’ ಜಾಲತಾಣದಲ್ಲಿ ಒಂದು ಬಾರಿಯ ನೋಂದಣಿ ಮಾಡಿಟ್ಟುಕೊಳ್ಳಿ. ಅತಿಥಿ ಉಪನ್ಯಾಸಕರಾಗಿ ಹೋಗುವವರು ಕೋಯಿಕ್ಕೋಡಿನ ಕಾಲೇಜು ಶಿಕ್ಷಣ ಉಪನಿರ್ದೇಶಕರ ಕಚೇರಿಯ ಪಟ್ಟಿಯಲ್ಲಿ ಹೆಸರು ಸೇರಿಸಿಕೊಂಡಿರಬೇಕು. ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳ ಹುದ್ದೆಗಳಿಗೆ ಪ್ರತ್ಯೇಕ ಅಧಿಸೂಚನೆ ಬರುವುದುಂಟು, ಅದರ ಮೇಲೂ ಕಣ್ಣಿರಲಿ.

ತಂಡದ ಒಂದು ಭಾಗ ನಿಮ್ಮದಾಗಲಿ

ಇನ್ನು ಮೈದಾನಕ್ಕೆ ಬರೋಣ. ‘ಎಲ್ಲದಕ್ಕೂ ಸಹಾಯ ಮಾಡುತ್ತೇನೆ’ ಎನ್ನುವ ಸಹಾಯಕ ಬೆಳೆಯುವುದಿಲ್ಲ, ಗೆದ್ದರೆ ಅವನ ಪಾಲು ಯಾರಿಗೂ ಕಾಣುವುದಿಲ್ಲ. ಒಂದು ಭಾಗವನ್ನು ಕೇಳಿ ಪಡೆಯಬೇಕು. ಋತುವಿನ ಆರಂಭದಲ್ಲಿ, ಇನ್ನೂ ಒಂದು ಪಂದ್ಯವೂ ಆಗಿರದ ಹೊತ್ತಿನಲ್ಲಿ, ಹೀಗೆ ಕೇಳಿ: “ಸಾರ್, ಈ ವರ್ಷ ಕಾರ್ನರ್, ಫ್ರೀ ಕಿಕ್ ನನಗೆ ಬಿಡಿ. ಪ್ರತಿ ಶನಿವಾರ ಲೆಕ್ಕ ಒಪ್ಪಿಸುತ್ತೇನೆ.” ಲೆಕ್ಕ ಒಪ್ಪಿಸುತ್ತೇನೆ ಎಂದವನಿಗೆ ಇಲ್ಲ ಎನ್ನುವ ಮಾಸ್ಟ್ರು ಅಪರೂಪ.

ಕಾರ್ನರನ್ನೇ ತೆಗೆದುಕೊಳ್ಳಿ. ಕಾಲೇಜು ಪಂದ್ಯಗಳಲ್ಲಿ ಇದಕ್ಕೆ ಅಭ್ಯಾಸ ಮಾಡಿ ಬರುವ ತಂಡಗಳು ಕಡಿಮೆ, ಹಾಗಾಗಿ ಸ್ವಲ್ಪ ಶ್ರಮಕ್ಕೂ ಫಲ ಉಂಟು. ಗೋಲಿಯನ್ನು ಬಿಟ್ಟು ಹತ್ತು ಮಂದಿಯನ್ನು ಹೀಗೆ ಹಂಚಿ: ಒದೆಯುವವನು ಒಬ್ಬ, ಹತ್ತಿರದ ಕಂಬಕ್ಕೆ ಓಡುವವನು ಒಬ್ಬ, ಎದುರಾಳಿ ಗೋಲಿಯ ಮುಂದೆ ನಿಲ್ಲುವವನು ಒಬ್ಬ, ಪೆನಾಲ್ಟಿ ಚುಕ್ಕೆಯ ಬಳಿಯಿಂದ ಮೂರು ದಿಕ್ಕಿಗೆ ನುಗ್ಗುವವರು ಮೂವರು, ಬಾಕ್ಸಿನ ಅಂಚಿನಲ್ಲಿ ಇಬ್ಬರು, ಮಧ್ಯಗೆರೆಯ ಬಳಿ ಇಬ್ಬರು. ಚೆಂಡು ಬೀಳಬೇಕಾದ ಜಾಗ ಹತ್ತಿರದ ಕಂಬಕ್ಕೂ ಗೋಲಿನ ನಡುಭಾಗಕ್ಕೂ ಮಧ್ಯೆ, ಗೋಲಿನಿಂದ ಐದೂವರೆ ಮೀಟರ್ ಗೆರೆಯ ಮೇಲೆ. ಅಲ್ಲಿ ಒಂದು ಬಿಬ್ (ಅಭ್ಯಾಸದಲ್ಲಿ ತಂಡ ಗುರುತಿಸಲು ತೊಡುವ ಬಣ್ಣದ ಮೇಲಂಗಿ) ಹಾಸಿಡಿ.

ಮೊದಲ ಎರಡು ವಾರ ಓಡುವವರೇ ಬೇಡ. ಒದೆಯುವವನೊಬ್ಬನೇ, ದಿನಕ್ಕೆ ಹತ್ತು ಕಿಕ್. ಹತ್ತಿರದ ಕಂಬದ ಮುಂದೆ ಒಬ್ಬ ಎತ್ತರದ ಹುಡುಗನನ್ನು ನಿಲ್ಲಿಸಿ, ಅವನ ತಲೆ ದಾಟಿದ್ದು ಎಷ್ಟು ಎಂದು ಬರೆದುಕೊಳ್ಳಿ. ಹತ್ತರಲ್ಲಿ ಏಳು ದಾಟಿದ ಮೇಲೆ ಉಳಿದವರನ್ನು ಸೇರಿಸಿ. ನಮ್ಮ ಹುಡುಗರ ಕಾರ್ನರ್ ಕೆಡುವುದು ಇಲ್ಲೇ: ನೇರ ಗೋಲಿನೊಳಕ್ಕೆ ತಿರುಗಿಸುವ ಆಸೆಯಲ್ಲಿ ತಗ್ಗಾಗಿ ಒದೆಯುತ್ತಾರೆ, ಮೊದಲ ಡಿಫೆಂಡರ್ ತಲೆಗೆ ತಾಗಿ ಮುಗಿಯಿತು. ಎರಡನೆಯ ದೋಷ ಓಟದ್ದು. ಒದೆಯುವವನು ಕೈ ಎತ್ತಿದ ಕೂಡಲೇ ಓಡಿಬಿಡುತ್ತಾರೆ, ಚೆಂಡು ಬರುವಾಗ ನಿಂತಿರುತ್ತಾರೆ. ಒದೆಯುವವನು ಕೊನೆಯ ಎರಡು ಹೆಜ್ಜೆ ಇಡುವಾಗ ಹೊರಡಬೇಕು. ವಾರಕ್ಕೆ ಎರಡು ದಿನ 15 ನಿಮಿಷ, ಪಂದ್ಯದ ಹಿಂದಿನ ದಿನ ಬರೀ ನಡೆದು ತೋರಿಸುವುದು, ಅಷ್ಟು ಸಾಕು. ಗೋಲಿಯ ಮುಂದೆ ನಿಂತವನು ಕೈಯಲ್ಲಿ ಹಿಡಿಯಬಾರದು, ತಳ್ಳಬಾರದು, ಬರೀ ನಿಲ್ಲಬೇಕು. ಇದನ್ನು ಖಡಾಖಂಡಿತ ಹೇಳದಿದ್ದರೆ ಬಂದ ಗೋಲು ಫೌಲಾಗಿ ಹೋಗುತ್ತದೆ.

ಪುಸ್ತಕದಲ್ಲಿ ಐದು ಕಾಲಂ: ಸಿಕ್ಕಿದ ಕಾರ್ನರ್, ಮೊದಲ ಸ್ಪರ್ಶ ನಮ್ಮದೇ, ಗೋಲಿನತ್ತ ಹೊಡೆತ, ಗೋಲು, ಅಲ್ಲಿಂದಲೇ ನಮ್ಮ ಮೇಲೆ ಬಂದ ದಾಳಿ. ಕೊನೆಯ ಕಾಲಂ ಮರೆಯುವವರೇ ಹೆಚ್ಚು, ಆದರೆ ಮುಖ್ಯ ಕೋಚ್ ಮೊದಲು ನೋಡುವುದು ಅದನ್ನೇ. ಒಂದು ಋತುವಿನ ಈ ಲೆಕ್ಕ ಮುಂದಿನ ಸಂದರ್ಶನದಲ್ಲಿ ಹತ್ತು ಪ್ರಶಂಸಾಪತ್ರಕ್ಕಿಂತ ಹೆಚ್ಚು ಮಾತಾಡುತ್ತದೆ.

ಸೆವೆನ್ಸ್ ಆಡಿ ಬಂದ ಕಾಲುಗಳು

ಗದ್ದೆ ಕೊಯ್ಲಾದ ಮೇಲಿಂದ ಮಳೆ ಬರುವವರೆಗೆ ಈ ಭಾಗದಲ್ಲಿ ಸೆವೆನ್ಸ್ ಟೂರ್ನಮೆಂಟ್‌ಗಳ ಕಾಲ. ನಿಮ್ಮ ತಂಡದ ಒಳ್ಳೆಯ ಆಟಗಾರರೆಲ್ಲ ಅಲ್ಲಿ ಬೆಳೆದವರೇ. ಧೈರ್ಯ, ಗಟ್ಟಿ ಮೈ, ಇಕ್ಕಟ್ಟಿನಲ್ಲಿ ಚೆಂಡಿನ ಹಿಡಿತ ಅಲ್ಲಿಂದ ಬರುತ್ತದೆ, ಅದನ್ನು ಹಗುರಾಗಿ ಕಾಣಬಾರದು. ಆದರೆ ಸೆವೆನ್ಸ್‌ನಲ್ಲಿ ಆಫ್‌ಸೈಡ್ ಇಲ್ಲ, ಮೈದಾನ ಸಣ್ಣದು. ಹಾಗಾಗಿ ಡಿಫೆಂಡರ್ ಗೆರೆ ಕಾಯುವುದಿಲ್ಲ, ಆಳಿನ ಹಿಂದೆ ಹೋಗುತ್ತಾನೆ. ಎಲ್ಲಿಂದಲೂ ಹೊಡೆತ ಬರುವ ಆಟವಾದ್ದರಿಂದ ಗೋಲಿ ಗೆರೆ ಬಿಟ್ಟು ಮುಂದೆ ಬರುವುದಿಲ್ಲ. ಹನ್ನೊಂದರ ಆಟದಲ್ಲಿ ಈ ಇಬ್ಬರ ನಡುವೆ ಮೂವತ್ತು ಮೀಟರ್ ಖಾಲಿ ಬಿದ್ದಿರುತ್ತದೆ, ಒಳ್ಳೆಯ ತಂಡಗಳು ಚೆಂಡು ಹಾಕುವುದೇ ಅಲ್ಲಿಗೆ.

ಇದಕ್ಕೆ ಹಗ್ಗದ ಅಭ್ಯಾಸ ಒಳ್ಳೆಯದು. 24 ಮೀಟರ್ ಹಗ್ಗ ತಂದು ಎಂಟೆಂಟು ಮೀಟರಿಗೆ ಗಂಟು ಹಾಕಿ. ಎರಡು ತುದಿ, ಎರಡು ಗಂಟು, ನಾಲ್ಕು ಡಿಫೆಂಡರ್‌ಗಳು ಹಗ್ಗ ಹಿಡಿದು ನಿಲ್ಲಲಿ. ಮುಂದೆ ಆರು ಮಂದಿ ಚೆಂಡನ್ನು ಅಡ್ಡಕ್ಕೆ ದಾಟಿಸುತ್ತಿರಲಿ. ಹಗ್ಗ ನೆಲಕ್ಕೆ ತಾಗಬಾರದು, ಕೈಯಿಂದ ಜಗ್ಗಿ ಹೋಗಬಾರದು. ಐದು ನಿಮಿಷ ಹಗ್ಗದಲ್ಲಿ, ಆಮೇಲೆ ಹಗ್ಗ ಬಿಟ್ಟು ಐದು ನಿಮಿಷ. ನಂತರ ಅರ್ಧ ಮೈದಾನದಲ್ಲಿ ಎಂಟಕ್ಕೆ ಎಂಟು ಆಟ, ಗೋಲಿನಿಂದ 25 ಮೀಟರಿಗೆ ಕೋನ್ ಇಟ್ಟು ಆಫ್‌ಸೈಡ್ ಗೆರೆ. ಗೋಲಿಗೆ ಒಂದೇ ನಿಯಮ: ಡಿಫೆನ್ಸ್ ಮೇಲೆ ಹೋದಾಗ ಅವನೂ ಪೆನಾಲ್ಟಿ ಚುಕ್ಕೆಯವರೆಗೆ ಬರಬೇಕು.

ಕೂಗುವ ಭಾಷೆ ಮೊದಲೇ ನಿಶ್ಚಯವಾಗಿರಲಿ. ಒಂದೇ ಡಿಫೆನ್ಸ್‌ನಲ್ಲಿ ಕನ್ನಡದವನು, ತುಳುವಿನವನು, ಬ್ಯಾರಿಯವನು, ಮಲಯಾಳದವನು ಇರುವುದು ಇಲ್ಲಿ ಸಾಮಾನ್ಯ. ಗಡಿಬಿಡಿಯಲ್ಲಿ ಒಬ್ಬೊಬ್ಬ ಒಂದೊಂದು ಭಾಷೆಯಲ್ಲಿ ಕೂಗಿದರೆ ಗೆರೆ ಮುರಿಯುತ್ತದೆ. ಎಲ್ಲರಿಗೂ ತಿಳಿಯುವ ಮೂರೇ ಮಾತು ಸಾಕು. ಕೇರ್ (ಮೇಲೆ ಹೋಗು), ನಿಲ್ಲ್ (ನಿಲ್ಲು), ಇರಂಙ್ (ಕೆಳಗಿಳಿ) ಎಂಬ ಮಲಯಾಳಂ ಮಾತುಗಳೇ ಇರಲಿ, ತೊಂದರೆಯಿಲ್ಲ. ನೀವೂ ಮೈದಾನದ ಮಲಯಾಳವನ್ನು ಚೆನ್ನಾಗಿ ಕಲಿಯಲೇಬೇಕು. ಕಣ್ಣೂರಿನ ಆಚೆ ಕೆಲಸ ಬೇಕಾದರೆ ಓದಲು ಬರೆಯಲೂ ಬರಬೇಕು. ಹಾಗೆಯೇ ಮಂಗಳೂರಿನ ಕಾಲೇಜುಗಳಿಗೆ ನಿಮ್ಮ ಕನ್ನಡ, ತುಳು ಬೇಕಾಗುತ್ತದೆ. ನಾಲ್ಕು ಭಾಷೆಯಲ್ಲಿ ಹುಡುಗರನ್ನು ಸಂಭಾಳಿಸುವ ಕೋಚ್ ಎರಡೂ ಕಡೆ ಸುಲಭವಾಗಿ ಸಿಗುವುದಿಲ್ಲ. ಬಯೋಡೇಟಾದಲ್ಲಿ ಇದನ್ನು ಮೇಲೆಯೇ ಬರೆಯಿರಿ.

ಅಂತರ ಕಾಲೇಜು ಪಂದ್ಯದ ಹಿಂದಿನ ರಾತ್ರಿ ಹಣಕ್ಕಾಗಿ ಸೆವೆನ್ಸ್ ಆಡಿ ಬರುವ ಹುಡುಗ ಪ್ರತಿ ತಂಡದಲ್ಲೂ ಇರುತ್ತಾನೆ. ಬೈದರೆ ಮುಂದಿನ ಬಾರಿ ಹೇಳದೆ ಹೋಗುತ್ತಾನೆ. ಮನೆಗೆ ಆ ದುಡ್ಡು ಬೇಕಾಗಿರುತ್ತದೆ. ಅವನ ಟೂರ್ನಮೆಂಟಿನ ದಿನಾಂಕಗಳನ್ನು ತಿಂಗಳ ಮೊದಲೇ ಕೇಳಿಕೊಂಡು, ಎರಡು ಆಟಗಳ ನಡುವೆ 48 ಗಂಟೆಯ ಅಂತರ ಇರುವಂತೆ ಮಾತಾಡಿಕೊಳ್ಳಿ.

ಮಳೆಗಾಲ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನ ಇದ್ದೂ ಇಲ್ಲದಂತೆ. ಗುಡ್ಡೆಯ ಮುರಕಲ್ಲು ಮೈದಾನದಲ್ಲಿ ನೀರು ನಿಲ್ಲದಿದ್ದರೂ ಬಿದ್ದವನ ಮೊಣಕಾಲು ಸುಲಿದುಹೋಗುತ್ತದೆ. ಗದ್ದೆಯ ಮೈದಾನದಲ್ಲಿ ಕೆಸರು. ಗಾಯವನ್ನು ಸೋಪು ನೀರಿನಲ್ಲಿ ತೊಳೆದು ಮುಚ್ಚದೆ ಕೆಸರಿಗೆ ಇಳಿಸಬೇಡಿ, ಇಲಿ ಜ್ವರದ ಭಯ ಇಲ್ಲಿ ನಿಜವಾದದ್ದು. ಆಡಿ ಎರಡು ವಾರದೊಳಗೆ ಜ್ವರ, ಮೈಕೈ ನೋವು ಬಂದರೆ ಡಾಕ್ಟರಿಗೆ ಕೆಸರಿನಲ್ಲಿ ಆಡಿದ್ದನ್ನು ಹೇಳಲೇಬೇಕು. ಮೈದಾನ ಸಿಗದ ದಿನ ಸಭಾಂಗಣದಲ್ಲಿ ಫಿಫಾ 11+ ಮಾಡಿಸಿ: ಓಟದ ಆರು, ಬಲ ಮತ್ತು ಸಮತೋಲನದ ಆರು, ವೇಗದ ಮೂರು, ಒಟ್ಟು 15 ವ್ಯಾಯಾಮ, 20 ನಿಮಿಷ. ವಾರಕ್ಕೆ ಎರಡು ಬಾರಿಯಾದರೂ ಆಗಬೇಕು.

ಕಾಗದಪತ್ರ

ಆಟಗಾರರ ಅರ್ಹತಾ ಅರ್ಜಿಗಳ ಕೆಲಸ ಹೆಚ್ಚಾಗಿ ಸಹಾಯಕನ ತಲೆಗೇ ಬರುತ್ತದೆ. ಬೇಸರಿಸಬೇಡಿ, ಇದನ್ನು ಚೆನ್ನಾಗಿ ಬಲ್ಲವನನ್ನು ಯಾವ ಕಾಲೇಜೂ ಬಿಟ್ಟುಕೊಡುವುದಿಲ್ಲ. ಅಂತರ ವಿಶ್ವವಿದ್ಯಾಲಯ ಪಂದ್ಯಗಳಿಗೆ ವಯಸ್ಸು 17ರಿಂದ 25ರ ಒಳಗೆ. ಜನ್ಮದಿನಕ್ಕೆ ಎಸ್.ಎಸ್.ಎಲ್.ಸಿ. ಪುಸ್ತಕವೇ ಆಧಾರ. ಪ್ಲಸ್ ಟು ಅಂಕಪಟ್ಟಿ, ಈ ವರ್ಷದ ಪ್ರವೇಶದ ದಾಖಲೆ, ಫೋಟೊ, ಪ್ರಾಂಶುಪಾಲರ ಸಹಿ, ಮೊಹರು. ಕಾಸರಗೋಡಿನ ವಿಶೇಷ ತೊಂದರೆ ಹೆಸರಿನದು. ಕನ್ನಡದಲ್ಲಿ ಒಂದು, ಮಲಯಾಳದಲ್ಲಿ ಒಂದು, ಆಧಾರ್‌ನಲ್ಲಿ ಇನಿಶಿಯಲ್ ಬಿಡಿಸಿ ಇನ್ನೊಂದು. ಜೂನ್ ತಿಂಗಳಲ್ಲೇ ಪ್ರತಿ ಹುಡುಗನ ಮೂರು ದಾಖಲೆ ಪಕ್ಕಪಕ್ಕ ಇಟ್ಟು ಅಕ್ಷರ ಹೋಲಿಸಿ. ಪಂದ್ಯದ ಮುನ್ನಾದಿನ ಕಂಡ ತಪ್ಪನ್ನು ಯಾರೂ ತಿದ್ದಿಕೊಡಲಾರರು. ಅರ್ಹತೆಯಿಲ್ಲದ ಒಬ್ಬ ಆಡಿದರೆ ಇಡೀ ತಂಡದ ಗೆಲುವು ಹೋಗುತ್ತದೆ.

ನಿಮ್ಮ ಸ್ವಂತ ಕಾಗದವೂ ಅಷ್ಟೇ ಮುಖ್ಯ. ಬಾಯಿಮಾತಿನಲ್ಲಿ ಸೇರಿಕೊಳ್ಳಬೇಡಿ, ಒಂದು ಪುಟದ್ದಾದರೂ ನೇಮಕದ ಪತ್ರ ಕೇಳಿ. ಪ್ರತಿ ವರ್ಷ ಮಾರ್ಚಿನಲ್ಲಿ ಅನುಭವದ ಪ್ರಮಾಣಪತ್ರ ತೆಗೆದುಕೊಳ್ಳಿ, ಬಿಟ್ಟುಹೋಗುವಾಗ ಒಟ್ಟಿಗೆ ಎಂದು ಬಿಡಬೇಡಿ. ಅಷ್ಟರಲ್ಲಿ ಪ್ರಾಂಶುಪಾಲರು ಬದಲಾಗಿರುತ್ತಾರೆ. ಅದರಲ್ಲಿ ಹುದ್ದೆಯ ಹೆಸರು, ಸೇರಿದ ಮತ್ತು ಮುಗಿದ ತಾರೀಕು, ಗೌರವಧನದ ಮೊತ್ತ, ಕೆಲಸದ ವಿವರ, ಸಹಿ, ಮೊಹರು ಇರಬೇಕು. ‘ಕೆಲವು ವರ್ಷಗಳಿಂದ ಉತ್ತಮ ಸೇವೆ ಸಲ್ಲಿಸುತ್ತಿದ್ದಾರೆ’ ಎಂಬ ಪತ್ರ ಗೋಡೆಗೆ ತೂಗುಹಾಕಲು ಚೆಂದ, ಪಿ.ಎಸ್.ಸಿ.ಗೆ ನಡೆಯದು. ಅಲ್ಲಿ ನಿಗದಿತ ನಮೂನೆ ಮತ್ತು ಸಂಬಂಧಪಟ್ಟ ಅಧಿಕಾರಿಯ ಮೇಲುಸಹಿ ಬೇಕಾಗುತ್ತದೆ.

ಪಂದ್ಯದ ವಿಡಿಯೊ ಇಟ್ಟುಕೊಳ್ಳಿ. ಮಧ್ಯಗೆರೆಯ ನೇರಕ್ಕೆ, ನೆಲದಿಂದ ಮೂರು ಮೀಟರ್ ಎತ್ತರದಲ್ಲಿ, ಶಾಲೆಯ ಮಹಡಿಯೋ ನಿಲ್ಲಿಸಿದ ಲಾರಿಯ ಮೇಲೋ ಟ್ರೈಪಾಡ್‌ಗೆ ಫೋನ್ ಕಟ್ಟಿದರೆ ಸಾಕು. 1080 ಗುಣಮಟ್ಟದಲ್ಲಿ ಗಂಟೆಗೆ 4ರಿಂದ 8 ಜಿಬಿ ಹಿಡಿಯುತ್ತದೆ, ಮೊದಲೇ ಜಾಗ ಖಾಲಿ ಮಾಡಿ, ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ. ಇಲ್ಲದಿದ್ದರೆ ಗೋಲು ಬೀಳುವ ಹೊತ್ತಿಗೆ ಯಾರದೋ ಕರೆ ಬಂದು ರೆಕಾರ್ಡಿಂಗ್ ನಿಲ್ಲುತ್ತದೆ.

ಮುಖ್ಯ ಕೋಚ್ ಜೊತೆ

ಅರ್ಧ ವಿರಾಮದಲ್ಲಿ ಹುಡುಗರ ಎದುರು ಅವರ ಮಾತಿಗೆ ಅಡ್ಡ ಹೇಳಬೇಡಿ. ಭಿನ್ನಾಭಿಪ್ರಾಯ ಇದ್ದರೆ ಪಂದ್ಯಕ್ಕೆ ಮೊದಲು, ಇಬ್ಬರೇ ಇದ್ದಾಗ, ಒಂದೇ ವಾಕ್ಯದಲ್ಲಿ. ತಂಡದಿಂದ ಕೈಬಿಟ್ಟ ಹುಡುಗ ನಿಮ್ಮ ಬಳಿ ಅಳಲು ಬಂದಾಗ ‘ನಾನಾಗಿದ್ದರೆ ಆಡಿಸುತ್ತಿದ್ದೆ’ ಎಂದುಬಿಟ್ಟರೆ ಆ ಮಾತು ಸಂಜೆಯೊಳಗೆ ಸ್ಟಾಫ್ ರೂಮಿಗೆ ತಲುಪಿರುತ್ತದೆ. ಅವನು ಮತ್ತೆ ತಂಡಕ್ಕೆ ಬರಲು ಏನು ತಿದ್ದಿಕೊಳ್ಳಬೇಕು ಎಂಬುದನ್ನಷ್ಟೇ ಹೇಳಿ. ಮೊದಲ ವರ್ಷದ ಮಕ್ಕಳಲ್ಲಿ ಹದಿನೆಂಟು ತುಂಬದವರೂ ಇರುತ್ತಾರೆ. ಅವರ ಜೊತೆಗಿನ ಮಾತುಕತೆ ತಂಡದ ಗುಂಪಿನಲ್ಲೇ ಇರಲಿ, ಖಾಸಗಿ ಸಂದೇಶ ಬೇಡ.

ಹೆಣ್ಣುಮಕ್ಕಳ ತಂಡಕ್ಕೆ ಕೋಚ್ ಬೇಕೆಂದಾಗ ‘ಅದು ಕೆಳಗಿನ ಕೆಲಸ’ ಎಂದು ಬಿಡುವವರು ದೊಡ್ಡ ತಪ್ಪು ಮಾಡುತ್ತಾರೆ. ಗೋಕುಲಂ ಕೇರಳದ ಮಹಿಳಾ ತಂಡ 2020ರಲ್ಲಿ ಭಾರತೀಯ ಮಹಿಳಾ ಲೀಗ್ ಗೆದ್ದಾಗ ಪಿ.ವಿ. ಪ್ರಿಯಾ ಮುಖ್ಯ ಕೋಚ್ ಆಗಿದ್ದರು. ಈ ಭಾಗದ ಯುವತಿಯರಿಗೆ ಕೋಚಿಂಗ್‌ನಲ್ಲಿ ಬಾಗಿಲು ಈಗ ತೆರೆದಿದೆ, ಲೈಸೆನ್ಸ್ ಪಡೆದ ಹೆಂಗಸರು ಬೇಕಾದಷ್ಟಿಲ್ಲ.

ಯಾವಾಗ ಹೊರಡಬೇಕು

ಒಂದೇ ಕಾಲೇಜಿನಲ್ಲಿ ಮೂರು ಋತು ಸಾಕು. ಮೂರನೆಯ ವರ್ಷವೂ ಹೊಣೆ ಹೆಚ್ಚದಿದ್ದರೆ ನಾಲ್ಕನೆಯದರಲ್ಲಿ ಹೆಚ್ಚುತ್ತದೆ ಎಂದು ಕಾಯಬೇಡಿ. ಪ್ರತಿ ವರ್ಷ ಜಾಗ ಬದಲಿಸುವುದೂ ಒಳ್ಳೆಯದಲ್ಲ, ನಿಮ್ಮ ಕೆಲಸದ ಫಲ ಕಾಣುವುದಕ್ಕೆ ಎರಡು ವರ್ಷ ಬೇಕು. ದೊಡ್ಡ ತಂಡದ ಎರಡನೆಯ ಸಹಾಯಕನಾಗುವುದಕ್ಕಿಂತ ಅಕಾಡೆಮಿಯ 15 ವರ್ಷದೊಳಗಿನವರ ತಂಡಕ್ಕೆ ಮುಖ್ಯ ಕೋಚ್ ಆಗುವುದು ಮೇಲು. ಹನ್ನೊಂದು ಮಂದಿಯನ್ನು ಆರಿಸುವ, ಸೋತಾಗ ಉತ್ತರ ಹೇಳುವ ಅಭ್ಯಾಸ ಅಲ್ಲಿ ಮಾತ್ರ ಆಗುತ್ತದೆ. ಹೊಸ ಕಡೆ ಸೇರುವ ಮೊದಲು ಕೇಳಬೇಕಾದದ್ದು: ಒಪ್ಪಂದ ಎಷ್ಟು ತಿಂಗಳದ್ದು, ರಜೆಯ ತಿಂಗಳಿಗೆ ಸಂಬಳ ಉಂಟೇ, ವಾರಕ್ಕೆ ಎಷ್ಟು ದಿನ ಮೈದಾನ ಸಿಗುತ್ತದೆ, ಆಟಗಾರರಿಗೆ ಅಪಘಾತ ವಿಮೆ ಇದೆಯೇ, ಲೈಸೆನ್ಸ್ ಕೋರ್ಸಿಗೆ ರಜೆ ಕೊಡುತ್ತಾರೆಯೇ, ಶುಲ್ಕದಲ್ಲಿ ಪಾಲು ಹಾಕುತ್ತಾರೆಯೇ. ಕೊನೆಯ ಎರಡಕ್ಕೆ ಹೌದು ಎಂದರೆ ಸಂಬಳ ತುಸು ಕಡಿಮೆಯಾದರೂ ಒಪ್ಪಬಹುದು.

ಅರ್ಜಿ ಕಳಿಸಲು ಒಳ್ಳೆಯ ಕಾಲ ಮಾರ್ಚ್‌ನಿಂದ ಮೇ ತಿಂಗಳು, ಕಾಲೇಜುಗಳು ಮುಂದಿನ ವರ್ಷದ ತಯಾರಿ ನಡೆಸುವ ಹೊತ್ತು. ಒಂದು ಪುಟದ ಬಯೋಡೇಟಾ, ಲೈಸೆನ್ಸ್ ಮತ್ತು ಪದವಿಯ ಪ್ರತಿ, ವರ್ಷವಾರು ಅನುಭವದ ಪ್ರಮಾಣಪತ್ರ, ನೀವು ನೋಡಿಕೊಂಡ ಭಾಗದ ಒಂದು ಋತುವಿನ ಲೆಕ್ಕದ ಹಾಳೆ, ನಾಲ್ಕು ನಿಮಿಷ ಮೀರದ ವಿಡಿಯೊ. ವಿಡಿಯೊದಲ್ಲಿ ಬರೀ ಗೋಲುಗಳು ಬೇಡ. ಜುಲೈಯಲ್ಲಿ ತಪ್ಪಾಗುತ್ತಿದ್ದ ಒಂದು ಕಾರ್ನರ್, ಅದನ್ನು ತಿದ್ದುತ್ತಿರುವ ಅಭ್ಯಾಸ, ಡಿಸೆಂಬರಿನ ಪಂದ್ಯದಲ್ಲಿ ಅದೇ ಕಾರ್ನರ್ ಸರಿಯಾಗಿ ಬಂದದ್ದು, ಈ ಮೂರನ್ನು ಒಂದರ ಹಿಂದೆ ಒಂದು ಸೇರಿಸಿ ಕಳಿಸಿ.